ಸೋಮನಾಥಪುರಕ್ಕೆ ಟಿಕೆಟ್ ತೆಗೆದವಳು

ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಚಿಕ್ಕಪ್ಪ ತಮ್ಮ ಎಸ್‌ಟಿಡಿ ಬೂತಿಗೆ ಕರೆದುಕೊಂಡು ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ, ಒಂದು ಬೇಕರಿಗೂ ಒಂದು ಬಳೆ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಬೂತು ಅದು. ಒಳಗೆ ಗಾಜಿನ ಗೂಡು, ಗೂಡಿನಲ್ಲಿ ಫೋನು, ಫೋನಿನ ಮೇಲೆ ಕೆಂಪಗೆ ಓಡುವ ಮೀಟರು. ಗೂಡಿನ ಹೊರಗೆ ನನ್ನ ಮೇಜು.

"ಯಾರ್ ಏನ್ ಮಾತಾಡುದ್ರೂ ಕೇಳುಸ್ಕಬಾರ್ದು" ಅಂತ ಚಿಕ್ಕಪ್ಪ ಮೊದಲ ದಿನವೇ ಹೇಳಿದರು. ಆದರೆ ಗಾಜಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಕೇಳಿಸಿಕೊಳ್ಳದೆ ಇರಬೇಕಾದರೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬೇಕಿತ್ತು.

ಕೆಲವು ತಿಂಗಳಲ್ಲೇ ನನಗೆ ಒಂದು ವಿಷಯ ಕಾಣತೊಡಗಿತು. ಗಂಡಸರು ಊರಿಗೆ, ಅಣ್ಣತಮ್ಮಂದಿರಿಗೆ ಫೋನ್ ಮಾಡಿದಾಗ ಕಣ್ಣು ಮೀಟರಿನ ಮೇಲೇ ಇರುತ್ತಿತ್ತು. "ಸರಿ ಸರಿ, ಮಡಗ್ತೀನಿ" ಅಂತ ಬೇಗ ಮುಗಿಸುತ್ತಿದ್ದರು. ಅದೇ ಗಂಡಸರು ಸಂಜೆ ಬಂದು ಹುಡುಗಿಯ ಹತ್ತಿರ ಮಾತಾಡುವಾಗ ಮೀಟರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳು ತಾವಾಗಿ ಫೋನ್ ಮಾಡಲು ಬರುತ್ತಿದ್ದದ್ದು ಅಪರೂಪ. ಬಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಇದರಿಂದ ನಾನೊಂದು ತೀರ್ಮಾನಕ್ಕೆ ಬಂದೆ. ಆಸೆ ಗಂಡಸರಿಗೆ ಜಾಸ್ತಿ, ಹೆಂಗಸರಿಗೆ ಕಡಿಮೆ. ಆಸೆ ಯಾರಿಗೆ ಜಾಸ್ತಿಯೋ ಅವರು ಖರ್ಚು ಮಾಡುತ್ತಾರೆ.

ಆದರೆ ಆ ತೀರ್ಮಾನ ನನಗೇ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಪಕ್ಕದ ಬೇಕರಿಗೆ ಬ್ರೆಡ್ ಇಳಿಸಲು ಒಂದು ವ್ಯಾನು ಬರುತ್ತಿತ್ತು. ಅದರ ಡ್ರೈವರು ಷರ್ಟಿನ ತೋಳು ಮಡಚಿಕೊಂಡು ಟ್ರೇ ಎತ್ತುವಾಗ ಆತನ ಮುಂಗೈ ನೋಡುವುದು ನನಗೆ ಅಭ್ಯಾಸವಾಗಿತ್ತು. ವ್ಯಾನು ಬರುವ ಹೊತ್ತಿಗೆ ಬೂತಿನ ಮುಂದೆ ನೀರು ಚಿಮುಕಿಸುವ ಕೆಲಸ ನೆನಪಾಗುತ್ತಿತ್ತು. ಆತನಿಗೆ ನನ್ನ ಮುಖವೂ ಗೊತ್ತಿರಲಿಲ್ಲ ಅನಿಸುತ್ತದೆ. ಹಾಗಾದರೆ ನನ್ನದು ಏನು, ಇದು ಬೇರೆ ಹೆಂಗಸರಿಗೂ ಇರುತ್ತದೆಯೋ ನನಗೊಬ್ಬಳಿಗೇ ಬಂದ ಕಾಯಿಲೆಯೋ ಎಂದು ಕೇಳಲು ಯಾರೂ ಇರಲಿಲ್ಲ.

ಆಗ ಬೂತಿಗೆ ದಿನಾ ಬರುತ್ತಿದ್ದವರಲ್ಲಿ ಒಬ್ಬರು ಬಿಳಿಗೆರೆ ಕಡೆಯ ಹುಡುಗ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಷೀನ್ ನೋಡಿಕೊಳ್ಳುವ ಕೆಲಸ. ಷಿಫ್ಟ್ ಮುಗಿದ ಮೇಲೆ ಯೂನಿಫಾರ್ಮ್ ಬದಲಾಯಿಸಿ, ತಲೆ ಬಾಚಿ, ಪೌಡರ್ ಹಾಕಿಕೊಂಡು ಬರುತ್ತಿದ್ದರು. ಫೋನಿನಲ್ಲಿ ಕಾಣಿಸುವುದಿಲ್ಲವಲ್ಲ, ಇದೆಲ್ಲ ಯಾಕೆ ಅಂತ ನನಗೆ ನಗು ಬರುತ್ತಿತ್ತು. ಅವರು ಮಾಡುತ್ತಿದ್ದದ್ದು ಟಿ. ನರಸೀಪುರದ ಒಂದು ನಂಬರಿಗೆ. ಅಲ್ಲಿ ಒಂದು ಖಾಸಗಿ ನರ್ಸರಿ ಶಾಲೆಯ ಟೀಚರು, ಅಕ್ಕನ ಮನೆಯಲ್ಲಿದ್ದುಕೊಂಡು ಕೆಲಸ ಮಾಡುತ್ತಿದ್ದ ಹುಡುಗಿ. ಫೋನ್ ಇದ್ದದ್ದು ಎದುರು ಮನೆಯಲ್ಲಿ. ನಾನು ನಂಬರ್ ಹಾಕಿ "ಸ್ವಲ್ಪ ಟೀಚರನ್ನ ಕರೀತೀರಾ" ಎನ್ನಬೇಕು. ಹೆಣ್ಣಿನ ದನಿಯಾದರೆ ಎದುರು ಮನೆಯವರು ತಲೆಕೆಡಿಸಿಕೊಳ್ಳುವುದಿಲ್ಲ. ಟೀಚರು ಬಂದು "ಹಲೋ" ಎಂದ ಮೇಲೆ ನಾನು ಇವರ ಕೈಗೆ ರಿಸೀವರ್ ಕೊಡಬೇಕು. ಹೀಗಾಗಿ ಆ ಇಬ್ಬರ ನಡುವೆ ನಾನೂ ಒಂದು ತಂತಿಯ ಹಾಗೆ ಸೇರಿಕೊಂಡೆ.

ಒಂದು ಸಂಜೆ ಬಿಲ್ ಕೊಟ್ಟ ಮೇಲೂ ಅವರು ಹೊರಡಲಿಲ್ಲ.

"ಸಿಸ್ಟರ್, ಒಂದ್ ಮಾತ್ ಕೇಳ್ಲಾ? ಎಣ್ಮಕ್ಳುಗೆ ಏನ್ ಕೊಟ್ರೆ ಇಷ್ಟ ಆಯ್ತದೆ?"

ಅದುವರೆಗೆ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಹೆಣ್ಣುಮಕ್ಕಳಿಗೆಲ್ಲ ಏನು ಇಷ್ಟ ಎಂದು ನನಗೇನು ಗೊತ್ತು? ನನಗೆ ಬೇಕಾದದ್ದನ್ನು ಹೇಳಿದೆ. ಮೊದಲು ಪಕ್ಕದ ಬಳೆ ಅಂಗಡಿಯ ಹೇರ್‌ಕ್ಲಿಪ್ಪು. ಟೀಚರು ಇಟ್ಟುಕೊಂಡರು. ಆಮೇಲೆ ಚೂಡಿದಾರ್ ಬಟ್ಟೆ. ಸ್ವಲ್ಪ ಮುಖ ಸಣ್ಣ ಮಾಡಿಕೊಂಡು ಅದನ್ನೂ ತೆಗೆದುಕೊಂಡರು ಅಂತ ಇವರು ಹೇಳಿದರು. ಮೂರನೆಯದು ವಾಚು. ಕಪ್ಪು ಪಟ್ಟಿಯ, ಪುಟ್ಟ ಮುಖದ ವಾಚು. ನಾನು ಎಷ್ಟೋ ದಿನದಿಂದ ಅಂಗಡಿಯ ಗಾಜಿನಾಚೆಗೆ ನೋಡಿಟ್ಟಿದ್ದದ್ದು.

ಆ ಭಾನುವಾರ ಕಳೆದು ಅವರು ಬಂದಾಗ ವಾಚಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು.

"ಬ್ಯಾಡ ಅಂದ್ಬುಟ್ರು ಸಿಸ್ಟರ್. ನೀವ್ ಏಳುದ್ದೇ ತಕಂಡೋಗಿದ್ದೆ."

"ಬಣ್ಣ ಹಿಡಿಸಲಿಲ್ವಾ?"

"ಚೆನ್ನಾಗದೆ, ಆದ್ರೆ ಬ್ಯಾಡ ಅಂದ್ರು. ಅದೇ ನಂಗೂ ಅರ್ಥ ಆಯ್ತಾ ಇಲ್ಲ."

ನನಗೂ ಅರ್ಥವಾಗಲಿಲ್ಲ. ಚೆನ್ನಾಗಿರುವುದನ್ನು, ಇಷ್ಟಪಟ್ಟವರು ಕೊಟ್ಟದ್ದನ್ನು, ಬೇಡ ಎನ್ನುವುದು ಯಾಕೆ?

ಉತ್ತರ ಮುಂದಿನ ಶನಿವಾರ ಮಧ್ಯಾಹ್ನ ತಾನಾಗೇ ಬೂತಿನ ಮೆಟ್ಟಿಲು ಹತ್ತಿ ಬಂತು. ಕಾಟನ್ ಸೀರೆ ಉಟ್ಟು, ಹೆಗಲಿಗೆ ಬಟ್ಟೆಯ ಬ್ಯಾಗು ಹಾಕಿ, ಛತ್ರಿ ಮಡಚುತ್ತಾ ಒಬ್ಬ ಹುಡುಗಿ ಒಳಗೆ ಬಂದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. "ಲೋಕಲ್ಲಾ, ಎಸ್‌ಟಿಡಿನಾ" ಎಂದೆ. "ಫೋನ್ ಮಾಡಕ್ಕಲ್ಲ, ನಿಮ್ಮನ್ನ ನೋಡಕ್ಕೆ ಬಂದೆ" ಎಂದಳು. ಆ ದನಿ ಕೇಳಿದ ಕೂಡಲೇ ಯಾರೆಂದು ಗೊತ್ತಾಯಿತು. ಎದ್ದು ನಿಂತು ಸ್ಟೂಲು ಮುಂದೆ ಸರಿಸಿದೆ.

"ವಾಚ್ ಆರಿಸಿದ್ದು ನೀವೇ ಅಂತೆ?"

"ಹೂಂ. ಇಷ್ಟ ಆಗಲಿಲ್ವಾ?"

"ತುಂಬಾ ಇಷ್ಟ ಆಯ್ತು. ಅದಕ್ಕೇ ಭಯ ಆಯ್ತು."

ಬೇಕರಿಯಿಂದ ಎರಡು ಟೀ ತರಿಸಿದೆ. ಮಧ್ಯಾಹ್ನ ಬೂತಿಗೆ ಯಾರೂ ಬರುತ್ತಿರಲಿಲ್ಲ. ಟೀಚರು ಪಾಠ ಹೇಳುವವರ ಹಾಗೆ ನಿಧಾನವಾಗಿ, ನನಗೆ ತಿಳಿಯುತ್ತಿದೆಯೇ ಎಂದು ಮುಖ ನೋಡಿಕೊಂಡು ಮಾತಾಡಿದಳು.

"ಕ್ಲಿಪ್ ತಗೊಂಡೆ. ಮುಂದಿನ ವಾರ ಹೋಟೆಲ್ಲಿಗೆ ಹೋಗೋಣ ಅಂದ್ರು, ಹೋದೆ. ಬಟ್ಟೆ ತಗೊಂಡೆ. ಪಿಕ್ಚರ್‌ಗೆ ಹೋಗೋಣ ಅಂದ್ರು, ಹೋದೆ. ಅಲ್ಲಿ ಕೈ ಹಿಡ್ಕೊಂಡ್ರು. ನಾನು ಬಿಡಿಸ್ಕೊಳ್ಳಲಿಲ್ಲ. ಯಾಕೆ ಬಿಡಿಸ್ಕೊಳ್ಳಲಿಲ್ಲ ಅಂತ ಮನೆಗೆ ಬಂದು ಯೋಚನೆ ಮಾಡಿದೆ. ನನಗೂ ಹಿಡ್ಕೋಬೇಕು ಅನ್ನಿಸ್ತಿತ್ತಾ, ಇಲ್ಲಾ ಬಟ್ಟೆ ತಗೊಂಡಿದ್ದೀನಲ್ಲ ಅಂತ ಸುಮ್ನಿದ್ನಾ? ಗೊತ್ತಾಗಲಿಲ್ಲ ಕಣ್ರೀ. ನನ್ನದೇ ಮನಸ್ಸು, ನನಗೇ ಗೊತ್ತಾಗಲಿಲ್ಲ."

"ಈಗ ಗೊತ್ತಾ?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಷ್ಟು ಸಲಿಗೆ ನಮ್ಮಲ್ಲಿರಲಿಲ್ಲ.

ಅವಳು ನಕ್ಕಳು. "ಅನ್ನಿಸುತ್ತೆ. ಅವರಿಗಿಂತ ನನಗೇ ಜಾಸ್ತಿ ಅನ್ನಿಸುತ್ತೇನೋ. ಆದ್ರೆ ಖಾತ್ರಿ ಮಾಡ್ಕೋಬೇಕು. ವಾಚ್ ಕಟ್ಕೊಂಡ ಕೈ ಅದನ್ನ ಹೇಳಲ್ಲ. ಅದಕ್ಕೆ ಈ ತಿಂಗಳು ಸಂಬಳ ಬಂದ ಮೇಲೆ ಸೋಮನಾಥಪುರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ಬಸ್ಸು, ಊಟ, ಎಲ್ಲಾ ನನ್ನದು."

ನಾನು ಕಣ್ಣು ಬಿಟ್ಟುಕೊಂಡು ಕೇಳಿದೆ. ನನ್ನ ಕಾಯಿಲೆ ಬೇರೆಯವರಿಗೂ ಇದೆ ಎನ್ನುವ ಸಮಾಧಾನ ಒಂದು ಕಡೆ. ಅದನ್ನು ಇಷ್ಟು ಸಲೀಸಾಗಿ, ಟೀ ಕುಡಿಯುತ್ತಾ ಹೇಳಬಹುದು ಎನ್ನುವ ಆಶ್ಚರ್ಯ ಇನ್ನೊಂದು ಕಡೆ. ಎದ್ದು ಹೋಗುವಾಗ ಟೀ ದುಡ್ಡು ಮೇಜಿನ ಮೇಲಿಟ್ಟಳು. ನಾನು ಬೇಡ ಎಂದೆ. "ಇನ್ನೊಂದ್ಸಲ ನೀವು ಕೊಡುವಿರಂತೆ" ಎಂದು ಹೋದಳು.

ಸೋಮನಾಥಪುರಕ್ಕೆ ಹೋಗಿ ಬಂದ ಮೇಲೆ ಆ ಹುಡುಗ ಕೆಲವು ದಿನ ಬೂತಿನ ಕಡೆ ಬರಲಿಲ್ಲ. ಬಂದಾಗ ತಲೆ ಬಾಚಿರಲಿಲ್ಲ, ಯೂನಿಫಾರ್ಮಿನಲ್ಲೇ ಇದ್ದರು. "ನಂಬರ್ ಹಾಕ್ಲಾ?" ಎಂದೆ. ಬೇಡ ಎಂದು ತಲೆಯಾಡಿಸಿ ಸ್ಟೂಲಿನ ಮೇಲೆ ಕೂತರು.

ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಇವರು ಜೇಬಿಗೆ ಕೈ ಹಾಕುವಷ್ಟರಲ್ಲಿ ಟೀಚರು ನೋಟು ಚಾಚಿ ಎರಡು ಸೋಮನಾಥಪುರ ಎಂದಳಂತೆ. ನಾನ್ ಕೊಡ್ತೀನಿ, ನಾನ್ ಕೊಡ್ತೀನಿ ಎಂದು ಇಬ್ಬರೂ ಮಾಡಿದ್ದಕ್ಕೆ ಕಂಡಕ್ಟರ್ "ಯಾರಾರ ಒಬ್ರು ಕೊಡ್ರಪ್ಪ" ಎಂದು ನಕ್ಕನಂತೆ. ಹಿಂದಿನ ಸೀಟಿನವರೂ ನಕ್ಕರಂತೆ. ಗುಡಿಯ ಬಾಗಿಲಲ್ಲಿ ಅವಳೇ ಟಿಕೆಟ್ ತೆಗೆದಳು. ಹೋಟೆಲಿನಲ್ಲಿ ಅವಳೇ ಬಿಲ್ ಕೊಟ್ಟಳು. ಅರ್ಧ ಊಟ ಎಲೆಯಲ್ಲೇ ಬಿಟ್ಟು ಎದ್ದೆ ಎಂದರು ಇವರು. ಆಮೇಲೆ ಗುಡಿಯ ಮುಂದಿನ ಹುಲ್ಲಿನ ಮೇಲೆ ಕೂತಿದ್ದಾಗ ಅವಳು ಸುತ್ತ ಒಂದು ಸಲ ನೋಡಿ, ತಾನಾಗೇ ಇವರ ಕೈ ತೆಗೆದುಕೊಂಡು ತನ್ನ ಕೈಯಲ್ಲಿ ಇಟ್ಟುಕೊಂಡಳು. ನನಗೆ ನಿಮ್ಮ ಜೊತೆ ಇರಬೇಕು ಅನಿಸುತ್ತದೆ ಎಂದಳು.

"ಅದನ್ನೇ ಅಲ್ವಾ ನೀವು ಕಾಯ್ತಿದ್ದದ್ದು?" ಎಂದೆ.

"ಅದ್ನೇ ಕಣ್ ಸಿಸ್ಟರ್. ಆದ್ರೆ ಅವ್ಳಾಗೇ ಅಂದಾಗ ಎದೆ ಝಲ್ ಅಂತು. ಕೈ ಎಳ್ಕಂಡ್‌ಬುಟ್ಟೆ." ದನಿ ತಗ್ಗಿಸಿ ಕೇಳಿದರು. "ಅಷ್ಟು ದೈರ್ಯವಾಗಿ ಕೇಳ್ತಾಳೆ ಅಂದ್ರೆ, ಮುಂಚೆ ಇನ್ಯಾರ್ನಾರ ಕೇಳಿರ್ತಾಳಾ?"

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಆ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ನಿಜವಾಗಿಯೂ ಹೆದರಿದ ಮನುಷ್ಯನ ಮುಖ ಅದು.

"ನೀವೂ ಕೇಳಿದ್ರಲ್ಲ, ನಿಮ್ಮನ್ನ ಯಾರಾದ್ರೂ ಹಂಗಂತ ಅನುಮಾನ ಪಟ್ರಾ?" ಎಂದೆ.

"ಗಂಡುಸ್ರು ಕೇಳ್ದೆ ಇನ್ಯಾರ್ ಕೇಳ್ತಾರೆ ಸಿಸ್ಟರ್" ಎಂದರು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎನ್ನುವ ಧಾಟಿಯಲ್ಲಿ.

ಆಮೇಲೆ ಅವರು ಒಂದೆರಡು ಸಲ ಫೋನ್ ಮಾಡಿದರು. ಮಾತು ಚಿಕ್ಕದಾಗಿ ಮುಗಿಯುತ್ತಿತ್ತು. ಆಮೇಲೆ ಅದೂ ನಿಂತಿತು. ವರ್ಷದೊಳಗೆ ಊರಿನ ಕಡೆಯ ಹುಡುಗಿಯ ಜೊತೆ ಮದುವೆ ಗೊತ್ತಾಗಿ, ಚಿಕ್ಕಪ್ಪನಿಗೂ ನನಗೂ ಕರೆಯೋಲೆ ಕೊಟ್ಟು ಹೋದರು.

ಬಹಳ ಕಾಲದ ಮೇಲೆ ಒಮ್ಮೆ ನಂಜನಗೂಡಿನ ಬಜಾರಿನಲ್ಲಿ ಅವರು ಹೆಂಡತಿಯ ಜೊತೆ ಸಿಕ್ಕಿದ್ದರು. "ನಮ್ಮನೇವ್ರು" ಎಂದು ಪರಿಚಯ ಮಾಡಿಸಿದರು. ಆಕೆ ಬಾಳೆಹಣ್ಣಿನವನ ಹತ್ತಿರ ಚೌಕಾಸಿ ಮಾಡಿ, ಸೊಂಟದ ಪರ್ಸಿನಿಂದ ದುಡ್ಡು ತೆಗೆದು ಎಣಿಸಿ ಕೊಡುತ್ತಿದ್ದರೆ ಇವರು ಚೀಲ ಹಿಡಿದುಕೊಂಡು ಆರಾಮಾಗಿ ನಿಂತಿದ್ದರು. ಈಗ ಹೆಂಗಸು ದುಡ್ಡು ಕೊಡುವುದರಲ್ಲಿ ಅವರಿಗೆ ಯಾವ ನೋವೂ ಇರಲಿಲ್ಲ. ಅದು ಅವರದೇ ದುಡ್ಡು ಎನ್ನುವ ಕಾರಣಕ್ಕೋ, ಆಕೆ ಅವರಾಕೆ ಎನ್ನುವ ಕಾರಣಕ್ಕೋ, ನಾನು ಬಸ್ಸಿನಲ್ಲಿ ಕೂತು ಊರು ಮುಟ್ಟುವವರೆಗೂ ಯೋಚಿಸಿದೆ.

ನನ್ನ ಮದುವೆಯೂ ಆಯಿತು. ಹುಡುಗ ನರಸೀಪುರದಲ್ಲಿ ಲೈನ್‌ಮನ್, ಸರ್ಕಾರಿ ಕೆಲಸ ಎಂದು ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. ಚಿಕ್ಕಯ್ಯನಛತ್ರದ ಹತ್ತಿರ ನಮ್ಮೂರಿನಲ್ಲೇ, ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಎಲ್ಲರೂ ನಿಂತು ಬುದ್ಧವಂದನೆ ಹೇಳಿ ಮುಗಿಸಿದ ಸರಳ ಮದುವೆ. ಕೊಡೋದು ತಗೊಳ್ಳೋದು ಏನೂ ಇಲ್ಲ ಎಂದು ಎರಡೂ ಕಡೆಯ ಹಿರಿಯರು ಮೊದಲೇ ಮಾತಾಡಿಕೊಂಡಿದ್ದರು. ಆದರೂ ಒಂದು ಬೀರು, ಒಂದು ಮಂಚ, ಒಂದು ರಾಶಿ ಪಾತ್ರೆ ಗೂಡ್ಸ್ ಆಟೋ ಹತ್ತಿ ನನ್ನ ಹಿಂದೆಯೇ ನರಸೀಪುರಕ್ಕೆ ಬಂದವು. ಇದು ಯಾವ ಲೆಕ್ಕ ಎಂದು ಅಪ್ಪನನ್ನು ಕೇಳಿದೆ. "ಬರಿಗೈಲಿ ಕಳ್ಸಕ್ಕಾದದಾ ಮಗಾ" ಎಂದರು.

ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಸಂಬಳ ತಂದು ಕೈಗಿಡುವುದು, ಮನೆಗೆ ಏನು ಬೇಕು ಎಂದು ಕೇಳುವುದು, ಇಷ್ಟೇ ಅವರ ಪ್ರೀತಿಯ ಮಾತು. ಆದರೆ ಕೆಲವು ಸಂಜೆ ಕೆಲಸದಿಂದ ಬರುವಾಗ ಮಲ್ಲಿಗೆ ಹೂವು ತರುತ್ತಿದ್ದರು. ಬಾಳೆಎಲೆಯಲ್ಲಿ ಸುತ್ತಿದ ಒಂದು ಮಾರು ಹೂವು, ಜೊತೆಗೆ ಬೋಂಡವೋ ಮೈಸೂರುಪಾಕೋ. ಹೂವು ತಂದ ದಿನದ ಅರ್ಥ ಏನೆಂದು ನನಗೆ ಬೇಗ ತಿಳಿಯಿತು. ಬಾಯಿಬಿಟ್ಟು ಅವರು ಯಾವತ್ತೂ ಕೇಳಿದವರಲ್ಲ. ಹೂವು ಕೇಳುತ್ತಿತ್ತು. ಮುಡಿದುಕೊಂಡೆ ಎಂದರೆ ಆಗಲಿ ಎಂದ ಹಾಗೆ.

ಅದರಲ್ಲಿ ನನಗೇನೂ ಬೇಸರವಿರಲಿಲ್ಲ. ಆದರೆ ಕೆಲವು ದಿನ ಮೈ ಕೈ ಸೋತಿದ್ದಾಗಲೂ, ತಂದಿದ್ದಾರಲ್ಲ ಎಂದು ಮುಡಿಯುತ್ತಿದ್ದೆ. ಇನ್ನು ಕೆಲವು ದಿನ ನನಗೇ ಅನಿಸುತ್ತಿತ್ತು. ಕಂಬ ಹತ್ತಿ ಇಳಿದು ಬಂದು, ಬಚ್ಚಲ ಮುಂದೆ ನಿಂತು ಕತ್ತಿಗೆ ನೀರು ಸುರಿದುಕೊಳ್ಳುವಾಗ ಅವರನ್ನು ನೋಡುತ್ತಾ ನಿಲ್ಲುತ್ತಿದ್ದೆ. ಆ ದಿನ ಹೂವು ಬರದಿದ್ದರೆ ನನ್ನ ಹತ್ತಿರ ಅದಕ್ಕೆ ಭಾಷೆಯೇ ಇರಲಿಲ್ಲ. ನಾನು ಅವರಿಗೆ ಏನು ತಂದುಕೊಡಬೇಕಿತ್ತು?

ಮಗ ನರ್ಸರಿಗೆ ಹೋಗುವ ಹೊತ್ತಿಗೆ ಹೊಸ ದಶಕ ಶುರುವಾಗಿತ್ತು. ಶಾಲೆಗೆ ಸೇರಿಸಲು ಹೋದ ದಿನ, ಅಳುತ್ತಿದ್ದ ಅವನನ್ನು ಎತ್ತಿಕೊಂಡ ಮಿಸ್ಸಿನ ದನಿ ಕೇಳಿ ನಾನು ನಿಂತೇಬಿಟ್ಟೆ. ಅದೇ ದನಿ. ಸ್ವಲ್ಪ ಮೈ ತುಂಬಿಕೊಂಡಿತ್ತು, ಕೊರಳಲ್ಲಿ ತಾಳಿ ಇತ್ತು. ಅವಳೂ ನನ್ನನ್ನು ಗುರುತು ಹಿಡಿದಳು. ಮಗುವನ್ನು ಆಯಾ ಕೈಗೆ ಕೊಟ್ಟು, "ನೀವು ಬೂತಿನವರಲ್ವಾ" ಎಂದಳು.

ಅವತ್ತಲ್ಲ, ಇನ್ನೊಂದು ದಿನ, ಶಾಲೆ ಬಿಟ್ಟ ಮೇಲೆ ಇಬ್ಬರೂ ಹತ್ತಿರದ ಹೋಟೆಲಿನಲ್ಲಿ ಕೂತೆವು. ಮಗ ಮೇಜಿನ ಕೆಳಗೆ ಆಡಿಕೊಂಡಿದ್ದ.

"ಅವತ್ತು ಸೋಮನಾಥಪುರದಲ್ಲಿ ನಿಮಗೆ ಖಾತ್ರಿ ಆಯ್ತಾ?" ಎಂದು ಕೇಳಿಯೇಬಿಟ್ಟೆ. ಅಷ್ಟು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ.

"ನನ್ನದು ಖಾತ್ರಿ ಆಯ್ತು. ನನಗೆ ಅನ್ನಿಸ್ತಿತ್ತು, ನಿಜವಾಗ್ಲೂ. ಅವರು ಕೈ ಎಳ್ಕೊಂಡಾಗ ಅವರದ್ದೂ ಗೊತ್ತಾಯ್ತು."

"ಬೇಜಾರಾಗಲಿಲ್ವಾ?"

"ಆಗದೆ ಇರುತ್ತಾ? ವಾಪಸ್ ಬರ್ತಾ ಬಸ್ಸಲ್ಲಿ ಕಿಟಕಿ ಕಡೆ ತಿರುಗಿಕೊಂಡು ಅತ್ತೆ. ವಾಚ್ ತಗೊಂಡಿದ್ರೆ ಮದುವೆ ಆಗಿರೋದೇನೋ. ಎಷ್ಟೋ ದಿನ ಹಂಗೇ ಅಂದ್ಕೋತಿದ್ದೆ." ಕಾಫಿ ಲೋಟ ತಿರುಗಿಸುತ್ತಾ ಮುಂದುವರಿಸಿದಳು. "ಈಗ ನಮ್ಮ ಮನೆಯವರು ಇದಾರಲ್ಲ, ಹೈಸ್ಕೂಲ್ ಮೇಷ್ಟ್ರು. ಅಕ್ಕ ತೋರಿಸಿದ ಗಂಡೇ. ನೋಡಿ ಒಪ್ಪಿದ ಮೇಲೆ ಹೊರಗೆ ಒಂದ್ಸಲ ಮಾತಾಡ್ಬೇಕು ಅಂದೆ. ಹೋಟೆಲ್ಲಿಗೆ ಬಂದ್ರು. ಕಾಫಿ ದುಡ್ಡು ನಾನು ಕೊಡ್ತೀನಿ ಅಂದೆ, ಏನ್ ಮಾಡ್ತಾರೋ ನೋಡೋಣ ಅಂತ."

"ಏನಂದ್ರು?"

"ಹಂಗಾದ್ರೆ ಇನ್ನೊಂದು ವಡೆ ಹೇಳ್ಲಾ ಅಂದ್ರು."

ಇಬ್ಬರೂ ನಕ್ಕೆವು. ಮೇಜಿನ ಕೆಳಗಿದ್ದ ಮಗನೂ ಯಾಕೆಂದು ತಿಳಿಯದೆ ನಕ್ಕ. ಅವಳ ಗಂಡ ಆಸೆಬುರುಕನೋ, ದೊಡ್ಡ ಮನಸ್ಸಿನವನೋ, ಇಲ್ಲಾ ಬರೀ ಹಸಿದಿದ್ದನೋ ಅವಳಿಗೂ ಅವತ್ತು ಗೊತ್ತಾಗಲಿಲ್ಲವಂತೆ. ಆದರೆ ಎದುರಿಗೆ ಕೂತ ಮನುಷ್ಯ ಹೆದರಲಿಲ್ಲ ಎನ್ನುವುದು ಗೊತ್ತಾಯಿತು. ಅಷ್ಟು ಸಾಕು ಅನಿಸಿತಂತೆ. ಹೋಟೆಲಿನ ಬಿಲ್ಲನ್ನು ಅವತ್ತು ನಾನು ಕೊಟ್ಟೆ.

ಅಲ್ಲಿಂದ ಬಂದ ಮೇಲೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಆ ವಾರ ಮಗ ಅಜ್ಜಿಯ ಜೊತೆ ನಮ್ಮೂರಿಗೆ ಹೋಗಿದ್ದ. ಬೆಳಿಗ್ಗೆ ಗಂಡ ಸೈಕಲ್ ಹತ್ತುವಾಗ ಹೇಳಿದೆ. "ಸಾಯಂಕಾಲ ಬೇಗ ಬನ್ನಿ. ಏನೂ ತರಬೇಡಿ. ಬರಿಗೈಲಿ ಬನ್ನಿ."

ಸಂಜೆ ಇನ್ನೂ ಬೆಳಕಿರುವಾಗಲೇ ಬಂದರು. ಬಾಗಿಲಲ್ಲೇ ನಿಂತರು. ಎರಡು ಕೈಯನ್ನೂ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದಕ್ಕೆ ಹಾಕಿಕೊಂಡರು.

"ಯಾಕಮ್ಮೀ, ಏನಾಯ್ತು? ಊರಿಂದ ಯಾರಾರ ಫೋನ್ ಮಾಡಿದ್ರಾ?"

"ಏನೂ ಆಗಿಲ್ಲ. ಒಳಗೆ ಬನ್ನಿ. ನನಗೆ ನಿಮ್ಮ ಜೊತೆ ಇರಬೇಕು ಅನ್ನಿಸ್ತು, ಅದಕ್ಕೆ ಬನ್ನಿ ಅಂದೆ."

ಅವರ ಮುಖ ನೋಡಿದೆ. ಬೂತಿನ ಸ್ಟೂಲಿನ ಮೇಲೆ ಕೂತಿದ್ದ ಆ ಹುಡುಗನ ಮುಖದಲ್ಲಿ ಕಂಡ ಹೆದರಿಕೆ ಇಲ್ಲೂ ಒಂದು ಗಳಿಗೆ ಬಂದು ಹೋಯಿತು. ಮದುವೆಯಾಗಿ ಮಗನಿದ್ದರೂ ಈ ಮಾತು ಆಡುವುದು ಅಷ್ಟು ಹಗುರವಲ್ಲ ಎಂದು ಆಗ ತಿಳಿಯಿತು. ಅವರು ಚಪ್ಪಲಿ ಬಿಟ್ಟು, ಒಳಗೆ ಬಂದು ಮಂಚದ ತುದಿಯಲ್ಲಿ ನೆಂಟರ ಹಾಗೆ ಕೂತರು.

"ಹೂವಾದ್ರೂ ತತ್ತೀನಿ ಇರು" ಎಂದು ಏಳಲು ಹೋದರು. ನಾನು ತೋಳು ಹಿಡಿದು ಕೂರಿಸಿದೆ.

"ಹೂವು ಇಲ್ದೆ ಇದ್ರೆ ಏನಾಗುತ್ತೆ?"

ನೆಲ ನೋಡುತ್ತಾ ಹೇಳಿದರು. "ಬರಿಗೈಲಿ ನಿನ್ ತಾವ ಬಂದ್ರೆ ಬಿಟ್ಟಿ ಕೇಳ್ದಂಗ್ ಆಯ್ತದೆ ಕಣಮ್ಮೀ. ನಿಂಗೆ ಇಷ್ಟ ಅದೋ ಇಲ್ವೋ, ನಂಗೆಂಗ್ ಗೊತ್ತಾಗದು? ಹೂವು ಮುಡ್ಕಂಡ್ರೆ, ಸರಿ, ಏನೋ ಒಪ್ಕಂಡವ್ಳೆ ಅಂತ."

ಹೂವಿಗೆ ಇಂಥದೊಂದು ಮಗ್ಗುಲು ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ನಾನು ಅದನ್ನು ಅವರ ಕೇಳಿಕೆ ಎಂದುಕೊಂಡಿದ್ದೆ. ಅವರಿಗೆ ಅದು ಭಯಕ್ಕೆ ಕಟ್ಟಿಕೊಂಡ ತಾಯಿತದ ಹಾಗಿತ್ತು. ನನ್ನ ಹತ್ತಿರ ಬರಲು ತಮಗೆ ಏನಾದರೊಂದು ಅರ್ಹತೆ ಇರಬೇಕು, ಅದನ್ನು ಅಂಗಡಿಯಿಂದ ತರಬೇಕು ಎಂದು ಅವರು ಅಷ್ಟು ವರ್ಷವೂ ನಂಬಿದ್ದರು. ಯಾರಾದರೂ ನಿಮ್ಮನ್ನೇ ನೋಡಿ ಬಯಸಬಹುದು ಎಂದು ಗಂಡಸರಿಗೆ ಯಾರೂ ಹೇಳಿರುವುದಿಲ್ಲವೇನೋ. ನಮಗೆ ಬಯಸಬೇಡಿ ಎಂದು ಹೇಳುತ್ತಾರೆ, ಅವರಿಗೆ ನಿಮ್ಮನ್ನು ಬಯಸುವವರಿಲ್ಲ, ಗಳಿಸಿಕೊಳ್ಳಿ ಎಂದು ಹೇಳುತ್ತಾರೆ. ಇದನ್ನು ನಾನು ಆಗ ಇಷ್ಟು ಬಿಡಿಸಿ ಯೋಚಿಸಲಿಲ್ಲ. ನನ್ನ ಗಂಡನ ಕತ್ತಿನ ಹಿಂದೆ ಬಿಸಿಲಿಗೆ ಕಪ್ಪಾಗಿದ್ದ ಗೆರೆಯ ಮೇಲೆ ಕೈಯಿಟ್ಟೆ. ಅವರು ಎಳೆದುಕೊಳ್ಳಲಿಲ್ಲ.

ಅಲ್ಲಿಂದ ಎಲ್ಲ ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಹೂವು ಬರುತ್ತಲೇ ಇತ್ತು. ಆದರೆ ಈಗ ಕೆಲವು ದಿನ ನಾನದನ್ನು ನೀರು ಚಿಮುಕಿಸಿ ಎತ್ತಿಟ್ಟು, "ಇವತ್ತು ಸುಸ್ತು, ನಾಳೆ ಮುಡೀತೀನಿ" ಎನ್ನುತ್ತಿದ್ದೆ. ಅವರು "ಸರಿ ಬುಡು" ಎಂದು ಬೋಂಡ ತಿನ್ನುತ್ತಿದ್ದರು. ಹೂವಿಲ್ಲದ ದಿನ ನಾನು ಕೇಳುವುದೂ ಅಪರೂಪಕ್ಕೆ ನಡೆಯುತ್ತಿತ್ತು. ಕೇಳುವ ಮುಂಚೆ ಪ್ರತಿ ಸಲವೂ ಬಾಯಿ ಒಣಗುತ್ತಿತ್ತು. ಗಂಡಸರು ಇದನ್ನು ಹೇಗೆ ನಿಭಾಯಿಸುತ್ತಾರಪ್ಪ ಎಂದು ಅವರ ಮೇಲೆ ಸ್ವಲ್ಪ ಮರುಕವೂ ಹುಟ್ಟಿತು.

ಒಂದು ಸಂಜೆ ಇಬ್ಬರೂ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಅವರೇ ಮಾತು ತೆಗೆದರು.

"ಅಲ್ಲಾ, ನಿಂಗೂ ಅಂಗೆಲ್ಲ ಅನ್ಸದು ಯಾವಾಗ್ಲಿಂದ?"

"ಮದುವೆಗೆ ಮುಂಚಿಂದ್ಲೂ" ಎಂದೆ. ಬ್ರೆಡ್ ವ್ಯಾನಿನ ವಿಷಯ ಹೇಳಲಿಲ್ಲ.

"ಆಗ್ಲೇ ಏಳ್ಬೋದಾಗಿತ್ತಲ್ಲ. ಮದುವೆ ಆದ್ ವೊಸ್ತುರಲ್ಲೇ."

"ಹೇಳಿದ್ರೆ ಏನಂದ್ಕೋತಿದ್ರಿ?"

ಅವರು ಒಂದು ಕಾಯಿ ಬಿಡಿಸಿದರು. ಕಾಳು ಬಟ್ಟಲಿಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡು ಯೋಚಿಸಿದರು. ಸುಳ್ಳು ಹೇಳುವ ಜಾಯಮಾನ ಅವರದಲ್ಲ.

"ಆಗ ತಪ್ಪಾಗೇ ಅನ್ಕತಿದ್ದೆ" ಎಂದರು.

"ಈಗ?"

ಅಷ್ಟರಲ್ಲಿ ಬನ್ನೂರು ರಸ್ತೆಯ ಕಡೆ ಕರೆಂಟ್ ಹೋಗಿದೆ ಎಂದು ಆಫೀಸಿನವರೊಬ್ಬರು ಬೈಕಿನಲ್ಲಿ ಬಂದು ಕೂಗಿದರು. ಇವರು ಕಾಳನ್ನು ಬಟ್ಟಲಿಗೆ ಹಾಕಿ ಎದ್ದು, ಕಟಿಂಗ್ ಪ್ಲೇಯರ್ ಹುಡುಕಿಕೊಂಡು ಹೊರಟರು. ಗೇಟಿನ ಹತ್ತಿರ ಹೋದವರು ತಿರುಗಿ, "ಬಂದ್ ಏಳ್ತೀನಿ" ಎಂದರು. ನಾನು ಉಳಿದ ಅವರೆಕಾಯಿ ಸುಲಿದು ಸಾರಿಗಿಟ್ಟೆ.